ಮೊದಲು ಕೇಳೋಣ, ಆಮೇಲೆ ವಾದಿಸೋಣ

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಆಯುಧಪೂಜೆಯ ದಿನ ಹಿರಿಯ ಕಾರ್ಮಿಕರೊಬ್ಬರು ಮಗ್ಗಕ್ಕೆ ಕುಂಕುಮ ಹಚ್ಚಿ ಕೈಮುಗಿದರು. ನಾವು ಕೆಲವರು ನಕ್ಕೆವು. "ಬೋನಸ್ಸು ಕೊಡಿಸುವವನು ನಿಮ್ಮ ದೇವರೋ, ಸಂಘವೋ?" ಎಂದು ಕೇಳಿದೆವು. ಅವರು ಮಾತಾಡಲಿಲ್ಲ. ಮುಂದಿನ ಸಭೆಗೆ ಅವರು ಬರಲಿಲ್ಲ. ಅವರ ಪಾಳಿಯವರೂ ಬರಲಿಲ್ಲ. ವಾದದಲ್ಲಿ ಗೆದ್ದೆವು, ಜೊತೆಗಾರರನ್ನು ಕಳೆದುಕೊಂಡೆವು. ತಪ್ಪು ನಮ್ಮದು.

ನಂಬಿಕೆ ಬೇರೆಯಾದವರು ಎದುರು ಬದುರು ಕುಳಿತು ಹೇಗೆ ಮಾತಾಡಬೇಕೆಂಬುದನ್ನು ನಮ್ಮ ದೇಶದ ಇಬ್ಬರು ತೋರಿಸಿಕೊಟ್ಟಿದ್ದಾರೆ. ಆಂಧ್ರದ ಗೋಪರಾಜು ರಾಮಚಂದ್ರರಾಯರು, ಜನರ ಬಾಯಲ್ಲಿ 'ಗೋರಾ', ಬ್ರಾಹ್ಮಣರಾಗಿ ಹುಟ್ಟಿ ಜಾತಿಯನ್ನೂ ದೇವರನ್ನೂ ಬಿಟ್ಟವರು. 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರವನ್ನು ಕಟ್ಟಿದವರು. 1944ರಲ್ಲಿ ಅವರು ಸೇವಾಗ್ರಾಮಕ್ಕೆ ಹೋದರು. ದಿನವೂ ಪ್ರಾರ್ಥನೆ ನಡೆಸುವ ಗಾಂಧೀಜಿಯ ಮುಂದೆಯೇ ಕುಳಿತು ನಾಸ್ತಿಕವಾದವನ್ನು ಮಂಡಿಸಿದರು. ಗಾಂಧೀಜಿ ನಗಲಿಲ್ಲ, ಗದರಲಿಲ್ಲ. ಪ್ರಶ್ನೆ ಹಾಕಿದರು, ಉತ್ತರವನ್ನು ಪೂರ್ತಿ ಕೇಳಿದರು, ಹಳ್ಳಿಯಲ್ಲಿ ನೀವು ಮಾಡುವ ಕೆಲಸವೇನೆಂದು ವಿಚಾರಿಸಿದರು. ಅಸ್ಪೃಶ್ಯತೆ ತೊಲಗಬೇಕೆಂಬಲ್ಲಿ ಇಬ್ಬರ ದಾರಿಯೂ ಕೂಡಿತು.

ಗೋರಾ ತಮ್ಮ ಮಗಳನ್ನು ಅಸ್ಪೃಶ್ಯರೆನಿಸಿದ್ದ ಸಮುದಾಯದ ಯುವಕನಿಗೆ ಕೊಡಲು ನಿಶ್ಚಯಿಸಿದರು. ಮದುವೆಯನ್ನು ಆಶ್ರಮದಲ್ಲೇ ನಡೆಸಲು ಗಾಂಧೀಜಿ ಒಪ್ಪಿದರು. ನಾಸ್ತಿಕರ ಮನೆಯ ಮದುವೆಯಲ್ಲಿ ದೇವರ ಹೆಸರು ಹೇಳುವುದು ಹೇಗೆ? ಆ ಜಾಗದಲ್ಲಿ 'ಸತ್ಯ'ದ ಹೆಸರು ಇರಲೆಂದರು. 1948ರ ಜನವರಿ 30ರಂದು ಗಾಂಧೀಜಿಯ ಕೊಲೆಯಾಯಿತು. ಕೊಟ್ಟ ಮಾತು ಮಾತ್ರ ಉಳಿಯಿತು. ಅದೇ ವರ್ಷದ ಮಾರ್ಚ್ 13ರಂದು ಆ ಮದುವೆ ಸೇವಾಗ್ರಾಮದಲ್ಲಿಯೇ ನಡೆಯಿತು.

ಗಾಂಧೀಜಿ ನಾಸ್ತಿಕರಾಗಲಿಲ್ಲ, ಗೋರಾ ಆಸ್ತಿಕರಾಗಲಿಲ್ಲ. ಗೌರವ ಕೊಡುವುದೆಂದರೆ ಎಲ್ಲಕ್ಕೂ ಹೂಂಗುಟ್ಟುವುದಲ್ಲ. ದೇವರ ಹೆಸರು ಹೇಳಿ ಯಾರನ್ನಾದರೂ ಬಾವಿಯಿಂದ ದೂರವಿಟ್ಟರೆ ನಾವು ಅಡ್ಡ ನಿಲ್ಲಲೇಬೇಕು. ಆದರೆ ಮಗ್ಗಕ್ಕೆ ಹಚ್ಚಿದ ಕುಂಕುಮ ಯಾರ ಕೂಲಿಯನ್ನೂ ಕಸಿಯಲಿಲ್ಲ. ಅನ್ಯಾಯಕ್ಕೂ ನಂಬಿಕೆಗೂ ಇರುವ ಈ ಭೇದವನ್ನು ನಾವು ಮರೆತೆವು. ಗಿರಾಕಿಯ ಮಾತು ಮುಗಿಯದೆ ಅಂಗಡಿಯವರು ತಕ್ಕಡಿ ಎತ್ತುವುದಿಲ್ಲ. ಆ ವ್ಯವಧಾನ ನಮಗಿರಲಿಲ್ಲ.

ಬರುವ ಭಾನುವಾರ ನಾವು ಆ ಹಿರಿಯರ ಮನೆಗೆ ಹೋಗುತ್ತೇವೆ. ತಪ್ಪಾಯಿತೆಂದು ಹೇಳಿ, ಅವರ ಮಾತನ್ನು ಕೇಳಿ ಬರುತ್ತೇವೆ. ಸಂಘಕ್ಕೆ ಬನ್ನಿರೆಂದು ಕರೆಯುವುದು ಆಮೇಲಿನ ಮಾತು.