ಹೊಗೆ ಕಲಿಸುವ ಪಾಠ



ರೋಬಾಟ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಕಾರ್ಖಾನೆಯಲ್ಲಿ ಕಾರಿಗೆ ಬೆಸುಗೆ ಹಾಕುವ ಉಕ್ಕಿನ ತೋಳು, ಚಲನಚಿತ್ರದಲ್ಲಿ ಮಾತನಾಡುವ ಯಂತ್ರಮಾನವ, ಇಲ್ಲವೇ ಮಂಗಳಗ್ರಹದ ಮೇಲೆ ಓಡಾಡುವ ಆರು ಚಕ್ರದ ಬಂಡಿ. ಇವುಗಳಿಂದ ದೂರದಲ್ಲಿ, ಮನೆಯ ಒಂದು ಮೂಲೆಯಲ್ಲಿ, ಆಟಿಕೆ ಕಾರಿನ ಮೋಟಾರು, ಹಳೆಯ ಟೇಪ್ ರೆಕಾರ್ಡರಿನ ಬೆಲ್ಟು, ಊಟದ ಡಬ್ಬಿಯ ಮುಚ್ಚಳ ಇಷ್ಟನ್ನೇ ಜೋಡಿಸಿ ರೋಬಾಟ್ ಕಟ್ಟುವ ಹವ್ಯಾಸಿಗಳ ಲೋಕವೊಂದಿದೆ. ಇಂಥವರು ನಾಲ್ವರು ಒಂದೆಡೆ ಸೇರಿದರೆ ಮಾತು ಯಾವುದರಿಂದ ಆರಂಭವಾಗುತ್ತದೆ ಗೊತ್ತೇ? ಗೆದ್ದ ಬಹುಮಾನದಿಂದಲ್ಲ, ಸುಟ್ಟುಹೋದ ಐಸಿಯಿಂದ!

ಜಗತ್ತಿನ ಎಲ್ಲ ಕಡೆಯ ವಿದ್ಯುನ್ಮಾನ ಹವ್ಯಾಸಿಗಳಿಗೂ ಗೊತ್ತಿರುವ ಒಂದು ತಮಾಷೆಯಿದೆ. ಐಸಿಗಳು ನಡೆಯುವುದು ವಿದ್ಯುತ್ತಿನಿಂದಲ್ಲ, ಒಳಗೆ ತುಂಬಿಟ್ಟಿರುವ ಹೊಗೆಯಿಂದ. ಏಕೆಂದರೆ ಹೊಗೆ ಹೊರಗೆ ಬಂದ ಮೇಲೆ ಅವು ಕೆಲಸ ಮಾಡುವುದಿಲ್ಲ. ಈ ಮಾತಿಗೆ ಮನಸಾರೆ ನಗಬೇಕಾದರೆ ಒಮ್ಮೆಯಾದರೂ ಆ ಹೊಗೆಯ ವಾಸನೆ ಕಂಡಿರಬೇಕು. ಕೆಟ್ಟದ್ದನ್ನು ಇವರು ಇಷ್ಟು ಪ್ರೀತಿಯಿಂದ ನೆನೆಯುವುದೇಕೆ? ಅದರಿಂದ ನಿಮಗೇನು ಪ್ರಯೋಜನ? ಈ ಎರಡು ಪ್ರಶ್ನೆಗಳೇ ಇಂದಿನ ನಮ್ಮ ವಿಷಯ.

ಮೊದಲು ಬಹಳ ಸಾಮಾನ್ಯವಾದ ಅವಘಡವನ್ನು ತೆಗೆದುಕೊಳ್ಳೋಣ. ಹೊಸಬರು ಕೆಂಪು ಎಲ್‌ಇಡಿ ದೀಪವನ್ನು ನೇರವಾಗಿ 5 ವೋಲ್ಟ್ ಮೂಲಕ್ಕೆ ಜೋಡಿಸುತ್ತಾರೆ. ಅದು ಒಂದು ಕ್ಷಣ ಬಹಳ ಚೆನ್ನಾಗಿ ಬೆಳಗಿ ಶಾಶ್ವತವಾಗಿ ಕಣ್ಣು ಮುಚ್ಚುತ್ತದೆ. ಕಾರಣವೇನು? ಬೆಳಗುವಾಗ ಎಲ್‌ಇಡಿ ಸುಮಾರು 2 ವೋಲ್ಟನ್ನು ಮಾತ್ರ ತಾನು ಇಟ್ಟುಕೊಳ್ಳುತ್ತದೆ. ಉಳಿದ 3 ವೋಲ್ಟನ್ನು ತಡೆಯಲು ಅದರ ಜೊತೆಗೆ ಸರಣಿಯಲ್ಲಿ ಒಂದು ರೆಸಿಸ್ಟರ್, ಅಂದರೆ ರೋಧಕ, ಇರಬೇಕು. 10 ಮಿಲಿಆಂಪಿಯರ್ ಪ್ರವಾಹ ಸಾಕೆಂದುಕೊಂಡರೆ ಓಮನ ನಿಯಮದಂತೆ 3ನ್ನು 0.01ರಿಂದ ಭಾಗಿಸಿ, 300 ಓಮ್ ಬರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ 330 ಓಮ್ ಕೇಳಿದರೆ ತಟ್ಟನೆ ಕೊಡುತ್ತಾರೆ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಓಮನ ನಿಯಮ ಮರೆತುಹೋಗಬಹುದು. ಎಲ್‌ಇಡಿ ಸುಟ್ಟ ಮೇಲೆ ಕಲಿತದ್ದು ಮರೆಯುವುದಿಲ್ಲ.

ಇನ್ನೊಂದು, ಎಲೆಕ್ಟ್ರೊಲೈಟಿಕ್ ಕೆಪಾಸಿಟರ್. ಇದರ ಎರಡು ಕಾಲುಗಳಲ್ಲಿ ಒಂದು ಧನ, ಒಂದು ಋಣ. ಋಣದ ಕಡೆ ಮೈಮೇಲೆ ಪಟ್ಟೆ ಇರುತ್ತದೆ. ಅದಲುಬದಲಾಗಿ ಜೋಡಿಸಿದರೆ ಒಳಗಿನ ತೆಳುವಾದ ಆಕ್ಸೈಡ್ ಪದರ ಹಾಳಾಗಿ, ಬಿಸಿಯೇರಿ, ಅನಿಲ ತುಂಬಿಕೊಂಡು ಪಟಾಕಿಯಂತೆ ಸಿಡಿಯುತ್ತದೆ. ದೊಡ್ಡ ಕೆಪಾಸಿಟರುಗಳ ನೆತ್ತಿಯ ಮೇಲೆ ಅಡ್ಡಗೆರೆಗಳನ್ನು ಕೊರೆದಿರುವುದನ್ನು ನೀವು ನೋಡಿರಬಹುದು. ಅದು ಅಲಂಕಾರಕ್ಕಲ್ಲ. ಒತ್ತಡ ಹೆಚ್ಚಿದಾಗ ಲೋಹ ಅಲ್ಲಿಯೇ ಬಿರಿಯಲಿ, ಇಡೀ ಡಬ್ಬಿ ಹಾರದಿರಲಿ ಎಂಬ ಮುನ್ನೆಚ್ಚರಿಕೆ.

ಮೂರನೆಯದು ರೋಬಾಟ್ ಕಟ್ಟುವವರಿಗೇ ಮೀಸಲಾದ ಗೋಳು. ಹುಡುಗ ರಾತ್ರಿಯೆಲ್ಲಾ ಕುಳಿತು ಪ್ರೋಗ್ರಾಂ ಬರೆದಿರುತ್ತಾನೆ. ಸ್ವಿಚ್ ಹಾಕಿದರೆ ರೋಬಾಟ್ ಒಂದು ಹೆಜ್ಜೆ ಇಟ್ಟು ನಿಲ್ಲುತ್ತದೆ. ಮತ್ತೆ ಒಂದು ಹೆಜ್ಜೆ, ಮತ್ತೆ ನಿಲುಗಡೆ. ಪ್ರೋಗ್ರಾಮನ್ನು ಹತ್ತು ಸಲ ತಿದ್ದಿದರೂ ಇದೇ ಪಾಡು. ವಾಸ್ತವವಾಗಿ ದೋಷ ಪ್ರೋಗ್ರಾಮಿನಲ್ಲಿಲ್ಲ, ಬ್ಯಾಟರಿಯಲ್ಲಿದೆ. ನಿಂತ ಮೋಟಾರು ತಿರುಗಲು ಆರಂಭಿಸುವಾಗ, ಓಡುತ್ತಿರುವಾಗ ಬೇಕಾದುದಕ್ಕಿಂತ ಹಲವು ಪಟ್ಟು ಪ್ರವಾಹವನ್ನು ಎಳೆಯುತ್ತದೆ. ಆ ಕ್ಷಣ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಅದೇ ಬ್ಯಾಟರಿಯನ್ನು ನಂಬಿರುವ ಮೈಕ್ರೊಕಂಟ್ರೋಲರ್ ಎಲ್ಲವನ್ನೂ ಮರೆತು ಮೊದಲಿನಿಂದ ಆರಂಭಿಸುತ್ತದೆ. ಮೋಟಾರಿಗೆ ಬೇರೆ ಬ್ಯಾಟರಿ ಕೊಟ್ಟು, ಎರಡರ ಋಣ ತಂತಿಗಳನ್ನು ಒಂದುಗೂಡಿಸಿದರೆ ರೋಬಾಟ್ ನಡೆಯುತ್ತದೆ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ಕೆಲವೊಮ್ಮೆ ನೆಲವೇ ನಿಜವಾಗಿ ಡೊಂಕಾಗಿರುತ್ತದೆ ಎಂಬುದನ್ನು ರೋಬಾಟ್ ತೋರಿಸಿಕೊಡುತ್ತದೆ!

ಈಗ ಹಳೆಯ ಗಣಕಗಳ ಕಡೆಗೆ ಬರೋಣ. ಬ್ರಿಟನ್ನಿನಲ್ಲಿ 1981ರಲ್ಲಿ ಬಂದ ಸಿಂಕ್ಲೇರ್ ಝಡ್‌ಎಕ್ಸ್81 ಗಣಕದ ಸ್ಮರಣಶಕ್ತಿ ಕೇವಲ 1 ಕಿಲೋಬೈಟ್. ಈ ಲೇಖನದ ಒಂದು ಪುಟವೂ ಅದರಲ್ಲಿ ಹಿಡಿಯದು. ಹೆಚ್ಚು ಬೇಕೆಂದವರು 16 ಕಿಲೋಬೈಟಿನ ಪುಟ್ಟ ಪೆಟ್ಟಿಗೆಯನ್ನು ಹಿಂದಿನಿಂದ ಸಿಕ್ಕಿಸಿಕೊಳ್ಳಬೇಕಿತ್ತು. ಆ ಪೆಟ್ಟಿಗೆ ಒಂದಿಷ್ಟು ಅಲುಗಿದರೂ ಸಾಕು, ಗಣಕ ಸ್ತಬ್ಧವಾಗಿ ಬರೆದದ್ದೆಲ್ಲ ಮಾಯವಾಗುತ್ತಿತ್ತು. ಜನ ಮೇಣದಂಥ ಅಂಟು ಮೆತ್ತಿ ಅದನ್ನು ಅಲುಗದಂತೆ ಕೂರಿಸುತ್ತಿದ್ದರು. ಪ್ರೋಗ್ರಾಂ ಉಳಿಸಲು ಹಾಡು ಕೇಳುವ ಕ್ಯಾಸೆಟ್ಟೇ ಗತಿ. ಟೇಪ್ ರೆಕಾರ್ಡರಿನ ಧ್ವನಿ ಸ್ವಲ್ಪ ಹೆಚ್ಚುಕಡಿಮೆಯಾದರೆ ನಿಮಿಷಗಟ್ಟಲೆ ಕಾದದ್ದೆಲ್ಲ ವ್ಯರ್ಥ.

ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯ ಮೂಲಕ 1984ರಿಂದ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಎಂಬ ಗಣಕಗಳು ಬಂದವು. ನನ್ನ ತಲೆಮಾರಿನ ವಿಜ್ಞಾನ ವಿದ್ಯಾರ್ಥಿಗಳು ಕಾಲೇಜಿನಲ್ಲಿ ಕಂಡದ್ದು 8085 ಮೈಕ್ರೊಪ್ರೊಸೆಸರಿನ ಕಿಟ್. ಅದಕ್ಕೆ ಪರದೆಯಿಲ್ಲ, ಆರು ಅಂಕಿಗಳ ಕೆಂಪು ಫಲಕ ಮಾತ್ರ. ಒಂದೊಂದೇ ಸಂಕೇತವನ್ನು ಗುಂಡಿಯೊತ್ತಿ ತುಂಬಬೇಕು. ಮುಕ್ಕಾಲು ಗಂಟೆ ತುಂಬಿ ಮುಗಿಸುವ ಹೊತ್ತಿಗೆ ಕರೆಂಟು ಹೋದರೆ ಇಡೀ ಪ್ರಯೋಗಾಲಯ ಒಟ್ಟಿಗೆ ನಿಟ್ಟುಸಿರು ಬಿಡುತ್ತಿತ್ತು. ಪ್ರೋಗ್ರಾಂ ಶಾಶ್ವತವಾಗಿ ಉಳಿಯಬೇಕಾದರೆ ಈಪ್ರಾಂ ಎಂಬ ಚಿಪ್ ಬೇಕಿತ್ತು. ಅದರ ನೆತ್ತಿಯ ಮೇಲೆ ಪುಟ್ಟ ಸ್ಫಟಿಕದ ಕಿಟಕಿ. ಬರೆದುದನ್ನು ಅಳಿಸಲು ಅತಿನೇರಳೆ ದೀಪದ ಕೆಳಗೆ ಸುಮಾರು ಇಪ್ಪತ್ತು ನಿಮಿಷ ಇಡಬೇಕು. ಕಿಟಕಿಗೆ ಕಾಗದದ ಚೀಟಿ ಅಂಟಿಸದೆ ಬಿಸಿಲಿನಲ್ಲಿ ಒಂದು ವಾರ ಬಿಟ್ಟರೆ ಸೂರ್ಯನೇ ಅಳಿಸಿಬಿಡುತ್ತಾನೆ.

ಇವೆಲ್ಲ ಕಷ್ಟದ ದಿನಗಳು, ನಿಜ. ಅವು ಮರಳಿ ಬರಲೆಂದು ನಾನು ಹೇಳುತ್ತಿಲ್ಲ. ಇಟಲಿಯ ಇವ್ರಿಯಾ ಪಟ್ಟಣದಲ್ಲಿ 2005ರಲ್ಲಿ ಹುಟ್ಟಿದ ಆರ್ಡುಯಿನೊ ಫಲಕ ಇಂದು ನಿಮ್ಮ ಕೈಗೆಟುಕುವಂತಿದೆ. ಯುಎಸ್‌ಬಿ ತಂತಿ ಸಿಕ್ಕಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಪ್ರೋಗ್ರಾಂ ಸಿದ್ಧ. ಆದರೆ ಹಳೆಯ ಯಂತ್ರಗಳಿಗೆ ಒಂದು ಗುಣವಿತ್ತು. ಅವು ಕೆಟ್ಟರೆ ಎಲ್ಲಿ ಕೆಟ್ಟವೆಂದು ಹುಡುಕದೆ ಮುಂದೆ ಹೋಗುವ ದಾರಿ ಇರಲಿಲ್ಲ. ಈಗ ಕೆಟ್ಟ ಫಲಕವನ್ನು ಪಕ್ಕಕ್ಕೆಸೆದು ಇನ್ನೊಂದನ್ನು ತರಬಹುದು. ಹಾಗೆ ಎಸೆದಾಗ ಪಾಠವನ್ನೂ ಎಸೆದಂತೆಯೇ.

ರೋಬಾಟ್‌ಗಳ ಇತಿಹಾಸವೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಗ್ರೇ ವಾಲ್ಟರ್ ಎಂಬ ನರವಿಜ್ಞಾನಿ 1948-49ರಲ್ಲಿ ಎಲ್ಮರ್ ಮತ್ತು ಎಲ್ಸಿ ಎಂಬ ಎರಡು ಯಾಂತ್ರಿಕ ಆಮೆಗಳನ್ನು ಕಟ್ಟಿದರು. ಒಂದೊಂದರಲ್ಲೂ ಎರಡೇ ವಾಲ್ವು, ಒಂದು ಬೆಳಕಿನ ಕಣ್ಣು, ಒಂದು ಸ್ಪರ್ಶದ ಸ್ವಿಚ್ಚು, ಎರಡು ಮೋಟಾರು. ಇಷ್ಟರಿಂದಲೇ ಅವು ಬೆಳಕನ್ನರಸಿ ನಡೆದವು, ಅಡ್ಡಿ ಬಂದರೆ ಬಳಸಿ ಹೋದವು. ಆದರೆ ಪದೇ ಪದೇ ಕೆಡುತ್ತಿದ್ದವು. ಹೀಗಾಗಿ 1951ರಲ್ಲಿ ಇನ್ನಷ್ಟು ಗಟ್ಟಿಯಾದ ಆರು ಆಮೆಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಮಕ್ಕಳಿಗಾಗಿ 1967ರಲ್ಲಿ ರೂಪುಗೊಂಡ ಲೋಗೊ ಎಂಬ ಗಣಕ ಭಾಷೆಯ ಜೊತೆ ಮುಂದೆ ಬಂದ ಆಮೆ ಈ ಆಮೆಗಳ ವಂಶದ್ದೇ. ಲೋಗೊ ನಿರ್ಮಾತೃಗಳಲ್ಲೊಬ್ಬರಾದ ಸೀಮೋರ್ ಪ್ಯಾಪರ್ಟ್, ಮಗುವಿನ ಪ್ರೋಗ್ರಾಮನ್ನು ಸರಿಯೋ ತಪ್ಪೋ ಎಂದು ತೂಗುವುದಕ್ಕಿಂತ ಅದನ್ನು ಸರಿಪಡಿಸಬಹುದೇ ಎಂದು ಕೇಳುವುದು ಲೇಸೆಂದು ವಾದಿಸಿದರು.

ನಮ್ಮ ಸ್ಟುಡಿಯೋದಲ್ಲಿ ನಡೆದ ಒಂದು ಪ್ರಸಂಗ ಇಲ್ಲಿ ಹೇಳುವಂಥದ್ದು. ಕಪ್ಪು ಗೆರೆಯ ಮೇಲೆ ನಡೆಯುವ ರೋಬಾಟನ್ನು ಕೆಲವು ಕಾಲೇಜು ವಿದ್ಯಾರ್ಥಿಗಳು ಧ್ವನಿಮುದ್ರಣಕ್ಕೆ ತಂದಿದ್ದರು. ಹಿಂದಿನ ದಿನ ಹಾಸ್ಟೆಲಿನಲ್ಲಿ ಚೆನ್ನಾಗಿ ನಡೆದಿದ್ದ ಅದು, ನಮ್ಮ ದೀಪಗಳು ಹೊತ್ತಿದೊಡನೆ ಗೆರೆ ಬಿಟ್ಟು ಕ್ಯಾಮರಾ ಕಡೆಗೆ ಹೊರಟಿತು. ಹುಡುಗರ ಮುಖ ಬಾಡಿತು. ಆ ಗುಂಪಿನ ಒಬ್ಬ ಹುಡುಗಿ ಮಾತ್ರ, "ಸಾರ್, ಒಂದು ಸಲ ಲೈಟ್ ಆರಿಸ್ತೀರಾ?" ಎಂದಳು. ಆರಿಸಿದೆವು; ರೋಬಾಟ್ ಸರಿದಾರಿಗೆ ಬಂತು. ಹೊತ್ತಿಸಿದೆವು, ಮತ್ತೆ ತಪ್ಪಿತು. ಅದರ ಕಣ್ಣು ನೋಡುತ್ತಿದ್ದದ್ದು ಅವಕೆಂಪು ಬೆಳಕನ್ನು. ಆಗ ನಮ್ಮಲ್ಲಿದ್ದ ಹ್ಯಾಲೊಜನ್ ದೀಪಗಳು ಸೂಸುತ್ತಿದ್ದುದೂ ಹೆಚ್ಚಾಗಿ ಅದನ್ನೇ. ಕಪ್ಪು ಚಾರ್ಟ್ ಕಾಗದದಿಂದ ರೋಬಾಟಿಗೊಂದು ಲಂಗ ಮಾಡಿ ತೊಡಿಸಿದಳು. ಹೊರಗಿನ ಬೆಳಕು ಕಣ್ಣಿಗೆ ಬೀಳುವುದು ನಿಂತಿತು, ಕೆಲಸ ಮುಗಿಯಿತು. ಅವಳು ಊಹಿಸುತ್ತಾ ಕೂರಲಿಲ್ಲ, ಒಂದೇ ಒಂದು ಸಂಗತಿಯನ್ನು ಬದಲಿಸಿ ನೋಡಿದಳು. ಗಮನಿಸಬೇಕಾದದ್ದು ಇದನ್ನು.

ಇದೇ ಉಪಾಯ ಗ್ರಹಗಳ ಆಚೆಗೂ ಕೆಲಸ ಮಾಡುತ್ತದೆ. 1977ರಲ್ಲಿ ಹಾರಿದ ವಾಯೇಜರ್-1 ನೌಕೆಯ ಗಣಕಗಳ ಒಟ್ಟು ಸ್ಮರಣಶಕ್ತಿ ಸುಮಾರು 70 ಕಿಲೋಬೈಟ್. ನವೆಂಬರ್ 2023ರಲ್ಲಿ ಅದು ಅರ್ಥವಿಲ್ಲದ ಸಂಕೇತಗಳನ್ನು ಕಳಿಸತೊಡಗಿತು. ನೌಕೆ ಇದ್ದದ್ದು 2,400 ಕೋಟಿ ಕಿಲೋಮೀಟರ್ ದೂರದಲ್ಲಿ. ಒಂದು ಆಜ್ಞೆ ತಲುಪಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತಷ್ಟೇ ಹೊತ್ತು. ನಾಸಾದ ತಂತ್ರಜ್ಞರು ತಿಂಗಳುಗಟ್ಟಲೆ ಪರಿಶೀಲಿಸಿ, ಕೆಟ್ಟಿರುವುದು ಒಂದು ಚಿಪ್ ಎಂದು ಗುರುತಿಸಿದರು. ಅದರಲ್ಲಿದ್ದ ಪ್ರೋಗ್ರಾಮನ್ನು ತುಂಡುಗಳಾಗಿಸಿ ಸ್ಮೃತಿಯ ಬೇರೆ ಬೇರೆ ಜಾಗಗಳಲ್ಲಿ ಇರಿಸಿದರು. ಏಪ್ರಿಲ್ 2024ರಲ್ಲಿ ವಾಯೇಜರ್ ಮತ್ತೆ ಅರ್ಥವಾಗುವಂತೆ ಮಾತನಾಡಿತು. ಅಲ್ಲಿಗೆ ಹೊಸ ಚಿಪ್ ಕಳಿಸುವಂತಿರಲಿಲ್ಲ, ನೋಡಿ!

ಈಗ ನಿಮ್ಮ ಪ್ರಯೋಗಾಲಯದ ರೆಕಾರ್ಡ್ ಪುಸ್ತಕವನ್ನು ನೆನಪಿಸಿಕೊಳ್ಳಿ. ಉದ್ದೇಶ, ಉಪಕರಣ, ವಿಧಾನ, ಫಲಿತಾಂಶ. ಅದರಲ್ಲಿ ಕೆಟ್ಟದ್ದಕ್ಕೆ ಜಾಗವೆಲ್ಲಿದೆ? ಉತ್ತರ ಪುಸ್ತಕಕ್ಕೆ ಹೊಂದದಿದ್ದರೆ ಅಂಕಿಗಳನ್ನು ತಿದ್ದಿ ಹೊಂದಿಸುವ ಅಭ್ಯಾಸ ಹಲವರಿಗಿದೆ. ಹೊಂದದ ಆ ಅಂಕಿಯೇ ಸಡಿಲವಾದ ಬೆಸುಗೆಯನ್ನೋ ಸೋತ ಬ್ಯಾಟರಿಯನ್ನೋ ತೋರಿಸುತ್ತಿರಬಹುದು. ತಿದ್ದಿದವನಿಗೆ ಅಂಕ ಸಿಗುತ್ತದೆ, ವಿದ್ಯೆ ಕೈತಪ್ಪುತ್ತದೆ. ಹಾರ್ವರ್ಡ್ ಮಾರ್ಕ್-2 ಗಣಕದ ರಿಲೇ ಒಂದರಲ್ಲಿ 1947ರ ಸೆಪ್ಟೆಂಬರ್ 9ರಂದು ಒಂದು ಪತಂಗ ಸಿಕ್ಕಿಕೊಂಡಿತ್ತು. ಕೆಲಸದಲ್ಲಿದ್ದವರು ಅದನ್ನು ಒರೆಸಿ ಎಸೆಯಲಿಲ್ಲ. ದಿನಚರಿ ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ವಿವರ ಬರೆದಿಟ್ಟರು. ಆ ಪುಟ ಇಂದು ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಆದ್ದರಿಂದ ನನ್ನದೊಂದು ಸಲಹೆ. ರೆಕಾರ್ಡ್ ಪುಸ್ತಕದ ಜೊತೆಗೆ ಇನ್ನೊಂದು ನೋಟ್‌ಬುಕ್ ಇಟ್ಟುಕೊಳ್ಳಿ. ಏನು ಕೆಟ್ಟಿತು, ಯಾವಾಗ, ಏನನ್ನು ಬದಲಿಸಿ ನೋಡಿದಿರಿ, ಕೊನೆಗೆ ತಿಳಿದದ್ದೇನು ಎಂಬ ನಾಲ್ಕು ಸಾಲು ಸಾಕು. ಅಧ್ಯಾಪಕ ಮಿತ್ರರಲ್ಲಿಯೂ ಒಂದು ಮನವಿ: ವಿಜ್ಞಾನ ಪ್ರದರ್ಶನದಲ್ಲಿ ಓಡುವ ಮಾದರಿಯನ್ನು ಮೆಚ್ಚುವಾಗ ಈ ನೋಟ್‌ಬುಕ್ಕನ್ನೂ ಕೇಳಿ ನೋಡಿ. ಒಂದು ಎಚ್ಚರಿಕೆಯೂ ಅವಶ್ಯ. ಈ ಪ್ರಯೋಗಗಳೆಲ್ಲ ಸಣ್ಣ ಬ್ಯಾಟರಿಗಳಿಗೆ ಮಾತ್ರ. ಗೋಡೆಯ ಪ್ಲಗ್ಗಿನ 230 ವೋಲ್ಟ್ ಎರಡನೆಯ ಅವಕಾಶ ಕೊಡುವುದಿಲ್ಲ. ಅದರ ಹತ್ತಿರ ಬಲ್ಲ ಹಿರಿಯರಿಲ್ಲದೆ ಹೋಗಬೇಡಿ. ಬೆಸುಗೆ ಹಾಕುವಾಗ ಕನ್ನಡಕ ಧರಿಸಿ, ಕಿಟಕಿ ತೆರೆದಿಡಿ.

ನಿಮ್ಮ ಮೊದಲ ಎಲ್‌ಇಡಿ ಸುಟ್ಟ ದಿನ ಆ ನೋಟ್‌ಬುಕ್ಕಿನ ಮೊದಲ ಪುಟ ತೆರೆಯಿರಿ. ದಿನಾಂಕ ಹಾಕಿ, ಸುಟ್ಟ ಎಲ್‌ಇಡಿಯನ್ನು ಅಲ್ಲಿಯೇ ಅಂಟಿಸಿ.