ನೇರ ಪ್ರಸಾರ ಕಡಿಯದಿರಲಿ



ತರಂಗಾಂತರ ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. ಆದರೂ ಹಳ್ಳಿಯ ದನಿ ಬಾನಿಗೇರಲು ಮತ್ತೊಂದು ದಶಕ ಹಿಡಿಯಿತು. ಆ ನಡುವಿನ ವರ್ಷಗಳಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಕೇಬಲ್ ತಂತಿಯ ಮೂಲಕವೇ ಮನೆಗಳನ್ನು ತಲುಪಿತು. 2006ರ ಸಮುದಾಯ ಬಾನುಲಿ ನೀತಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಕೊಟ್ಟ ಮೇಲೆ ಸರಗೂರಿನ ‘ಜನಧ್ವನಿ’ಯಂಥ ಕೇಂದ್ರಗಳು ಹುಟ್ಟಿಕೊಂಡವು. ಪರವಾನಗಿ ಸಿಕ್ಕ ಕೇಂದ್ರಗಳ ಮುಂದೆ ಈಗಿರುವುದು ದಿನನಿತ್ಯದ ಹೋರಾಟ: ನೇರ ಪ್ರಸಾರ ನಡುವೆ ಕಡಿಯದಂತೆ ನೋಡಿಕೊಳ್ಳುವುದು.

ಫೋನ್-ಇನ್ ಕಾರ್ಯಕ್ರಮವನ್ನೇ ನೋಡಿ. ರಾಗಿಗೆ ಬಿದ್ದ ಬೆಂಕಿರೋಗಕ್ಕೆ ಏನು ಮಾಡಬೇಕೆಂದು ರೈತರೊಬ್ಬರು ಕೇಳುತ್ತಿರುತ್ತಾರೆ. ಪಕ್ಕದಲ್ಲೇ ಅವರ ರೇಡಿಯೋ ಜೋರಾಗಿ ಓಡುತ್ತಿರುತ್ತದೆ. ಆ ಸದ್ದು ಫೋನಿನೊಳಗೆ ಹೊಕ್ಕು, ಸ್ಟುಡಿಯೋ ಸೇರಿ, ತಿರುಗಿ ಅದೇ ರೇಡಿಯೋದಿಂದ ಹೊರಬಿದ್ದು ಕಿವಿಗಡಚಿಕ್ಕುವ ಶಿಳ್ಳೆಯಾಗುತ್ತದೆ. ‘ರೇಡಿಯೋ ಸೌಂಡ್ ಸ್ವಲ್ಪ ಕಮ್ಮಿ ಮಾಡಿ ಅಣ್ಣಾ’ ಎಂದು ನಿರೂಪಕಿ ಮೊದಲೇ ಹೇಳಿದರೆ ಇದು ತಪ್ಪುತ್ತದೆ.

ಇನ್ನೊಂದು ತೊಂದರೆ ಮಿಕ್ಸರ್‌ನದು. ಕರೆ ಮಾಡಿದವರಿಗೆ ಸ್ಟುಡಿಯೋದ ಎಲ್ಲ ದನಿಗಳೂ ಕೇಳಬೇಕು, ಅವರದೇ ದನಿಯೊಂದನ್ನು ಬಿಟ್ಟು. ಆ ಜೋಡಣೆ ತಪ್ಪಿದರೆ ಆಡಿದ ಮಾತೇ ತಡವಾಗಿ ಕಿವಿಗೆ ಬಿದ್ದು ಅವರು ತಡವರಿಸುತ್ತಾರೆ, ಕೊನೆಗೆ ಫೋನ್ ಇಟ್ಟುಬಿಡುತ್ತಾರೆ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ಮಿಕ್ಸರ್‌ನಲ್ಲಿರುವ ಪ್ರತ್ಯೇಕ ಔಟ್‌ಪುಟ್ಟನ್ನು ಬಳಸಲು ತಿಳಿದವರು ಬೇಕು.

ಕರೆಂಟಿನ ಪಾಡು ಎಲ್ಲರಿಗೂ ಗೊತ್ತು. ಯುಪಿಎಸ್ ಬ್ಯಾಟರಿ ಸೋತಿದ್ದರೆ ಕಂಪ್ಯೂಟರ್ ಮತ್ತೆ ಚಾಲೂ ಆಗುವವರೆಗೆ ಕೇಂದ್ರ ಮೂಕ.

ಆಂಟೆನಾದ ಕಾಯಿಲೆ ಮಾತ್ರ ಸದ್ದಿಲ್ಲದೆ ಬರುತ್ತದೆ. ಸಮುದಾಯ ಬಾನುಲಿಗೆ ನಿಯಮ ಕೊಡುವುದು ಸಾಮಾನ್ಯವಾಗಿ 100 ವ್ಯಾಟ್ ಪ್ರಸರಣ ಶಕ್ತಿ ಮತ್ತು 30 ಮೀಟರ್‌ವರೆಗಿನ ಆಂಟೆನಾ ಎತ್ತರ. ಅಷ್ಟರಲ್ಲೂ ಸೋರಿಕೆಯಾದರೆ ಉಳಿಯುವುದೇನು? ಮಳೆಗಾಲದಲ್ಲಿ ಕೇಬಲ್ ಕನೆಕ್ಟರಿನೊಳಗೆ ನೀರು ಇಳಿದರೆ, ಆಂಟೆನಾಗೆ ಹೋಗಬೇಕಾದ ಶಕ್ತಿಯ ಒಂದು ಪಾಲು ಟ್ರಾನ್ಸ್‌ಮಿಟರ್‌ಗೇ ಮರಳುತ್ತದೆ. ಸುಟ್ಟುಹೋಗದಿರಲೆಂದು ಅದು ತಾನಾಗಿಯೇ ಶಕ್ತಿ ಇಳಿಸುತ್ತದೆ. ಸ್ಟುಡಿಯೋದಲ್ಲಿ ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ, ದೂರದ ಹಳ್ಳಿಯಲ್ಲಿ ಬರೀ ಗೊರಗೊರ. ಮರಳಿ ಬಂದ ಶಕ್ತಿ ಎಷ್ಟೆಂದು ಟ್ರಾನ್ಸ್‌ಮಿಟರ್ ಫಲಕವೇ ತೋರಿಸುತ್ತದೆ. ದಿನವೂ ಪ್ರಸಾರ ಶುರುವಾದ ಕೂಡಲೇ ಆ ಅಂಕಿಯನ್ನು ಪುಸ್ತಕದಲ್ಲಿ ಬರೆದಿಟ್ಟರೆ ದೋಷ ಮೊದಲ ವಾರದಲ್ಲೇ ಸಿಕ್ಕಿಬೀಳುತ್ತದೆ.

ಇದೆಲ್ಲ ಎಂಜಿನಿಯರುಗಳ ಕೆಲಸ ಎಂಬ ಅಂಜಿಕೆ ಬೇಡ. ತೆಲಂಗಾಣದ ಮಾಚನೂರಿನ ‘ಸಂಗಂ ರೇಡಿಯೋ’ವನ್ನು 2008ರಿಂದ ನಡೆಸಿಕೊಂಡು ಬಂದವರು ಹಳ್ಳಿಯ ದಲಿತ ಮಹಿಳೆಯರು. ಧ್ವನಿಮುದ್ರಣ, ಸಂಕಲನ, ಪ್ರಸಾರ ಎಲ್ಲವನ್ನೂ ಅವರು ಕೈಯಾರೆ ಕಲಿತರು.

ಆದ್ದರಿಂದ ಸಮುದಾಯ ಬಾನುಲಿ ಕೇಂದ್ರಗಳ ಈ ಸಮಾವೇಶದ ಮುಂದೆ ಮೂರು ಬೇಡಿಕೆಗಳಿವೆ. ಪ್ರತಿ ಕೇಂದ್ರದಲ್ಲೂ ಅದೇ ಊರಿನ ಇಬ್ಬರಿಗಾದರೂ ದುರಸ್ತಿಯ ತರಬೇತಿ ಸಿಗಬೇಕು, ಅವರಲ್ಲಿ ಒಬ್ಬರು ಮಹಿಳೆಯಾಗಿರಬೇಕು. ಅಕ್ಕಪಕ್ಕದ ಕೇಂದ್ರಗಳು ಸೇರಿ ಕನೆಕ್ಟರ್, ಕೇಬಲ್, ಫ್ಯೂಸ್, ಬದಲಿ ಮಿಕ್ಸರ್‌ಗಳ ಒಂದು ಸಾಮಾನ್ಯ ದಾಸ್ತಾನು ಇಡಬೇಕು. ಯಂತ್ರ ಕೊಳ್ಳಲು ಸಹಾಯಧನ ಕೊಡುವ ಸರ್ಕಾರ, ವರ್ಷವರ್ಷದ ನಿರ್ವಹಣೆಗೂ ಹಣ ತೆಗೆದಿಡಬೇಕು.

ಮೊದಲೆರಡಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ. ಮಧ್ಯಾಹ್ನದ ಗೋಷ್ಠಿಯಲ್ಲಿ ಪ್ರತಿ ಕೇಂದ್ರವೂ ತನ್ನ ಇಬ್ಬರ ಹೆಸರು ಮತ್ತು ಬಳಿಯಿರುವ ಬಿಡಿಭಾಗಗಳ ಪಟ್ಟಿ ಕೊಟ್ಟರೆ, ಮುಂಗಾರಿಗೆ ಮುನ್ನವೇ ತರಬೇತಿ ಶುರುಮಾಡಬಹುದು.