ಆಸ್ಪತ್ರೆಯ ಖರ್ಚು, ಯಶಸ್ವಿನಿಯ ಕಂತು



ಬೀಜ, ಗೊಬ್ಬರ, ಕೀಟಗಳ ಮಾತು ಬಿಟ್ಟು ಈ ಹೊತ್ತು ಮನೆಯ ಲೆಕ್ಕದ ಮಾತಾಡಲು ಬಂದಿದ್ದೇನೆ. ಬೇಸಾಯದ ಇಲಾಖೆಯವನಿಗೆ ಆಸ್ಪತ್ರೆಯ ಉಸಾಬರಿ ಯಾಕಪ್ಪಾ ಅನ್ನಬೇಡಿ. ಬೆಳೆ ಚೆನ್ನಾಗಿ ಬಂದ ವರ್ಷವೂ ಸಾಲಕ್ಕೆ ಬಿದ್ದ ಮನೆಗಳನ್ನು ನಾನು ಕಂಡಿದ್ದೇನೆ. ವಿಚಾರಿಸಿದರೆ, ಒಳಗಿನಿಂದ ಒಂದು ಕಾಯಿಲೆಯ ಕಥೆ ಹೊರಗೆ ಬರುತ್ತದೆ.

ನನ್ನ ವಲಯದಲ್ಲಿ ಒಬ್ಬ ರೈತರಿದ್ದಾರೆ. ಎರಡೂವರೆ ಎಕರೆ ಹೊಲ, ಒಂದು ಜೊತೆ ಎತ್ತು; ಹಾಲಿನ ಸಂಘದ ಸದಸ್ಯರು. ಸಂಘದ ಕಾರ್ಯದರ್ಶಿ ಯಶಸ್ವಿನಿಗೆ ಹಣ ಕಟ್ಟಿ ಎಂದಾಗ, "ಹೋದ ಸಲ ಕಟ್ಟಿದ್ದೆ, ಯಾರಿಗೂ ಏನೂ ಆಗಲಿಲ್ಲ, 500 ರೂಪಾಯಿ ದಂಡವಾಯ್ತು" ಅಂತ ಬಿಟ್ಟುಬಿಟ್ಟರು. ಆ ವರ್ಷವೇ ರಾಗಿ ಕೊಯ್ಲಿನ ನಡುವೆ ಮನೆಯಾಕೆಗೆ ತಡೆಯಲಾರದ ಹೊಟ್ಟೆನೋವು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಲೇಬೇಕು ಎಂದರು. ಕೈಸಾಲ ತಂದದ್ದು 60,000 ರೂಪಾಯಿ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಇವರು ಎಂಟು ದಿನ ಆಸ್ಪತ್ರೆಯ ಬಾಗಿಲು ಕಾಯುವಾಗ ಹೊಲದಲ್ಲಿ ಮಾಗಿದ ರಾಗಿ ಮಳೆಗೆ ಸಿಕ್ಕಿತು.

ಆ ಬಡ್ಡಿಯನ್ನು ಕೂಡಿ ನೋಡಿ. ತಿಂಗಳಿಗೆ 1,800, ವರ್ಷಕ್ಕೆ 21,600 ರೂಪಾಯಿ. ಅಸಲು ಹಾಗೇ ನಿಂತಿತು. ಕೊನೆಗೆ ಎತ್ತು ಮಾರಿ ತೀರಿಸಿದರು. ಮುಂದಿನ ಮುಂಗಾರಿನಲ್ಲಿ ಬಾಡಿಗೆ ಟ್ರ್ಯಾಕ್ಟರಿನ ಸರದಿ ಕಾಯುತ್ತಾ ಕೂತರು, ಹದ ತಪ್ಪಿತು. "ಆಸ್ಪತ್ರೆ ಬಿಲ್ಲು ಒಂದೇ ದಿವಸ ಕಟ್ಟಿದೆ ಸ್ವಾಮಿ, ಇನ್ನೂ ಕಟ್ತಾನೇ ಇದ್ದೀನಿ" ಎಂದರು ನನ್ನೊಡನೆ. ಒಂದು ವರ್ಷದ ಬಡ್ಡಿಯಲ್ಲೇ ನಲವತ್ತು ವರ್ಷಕ್ಕೂ ಹೆಚ್ಚು ಕಂತು ಕಟ್ಟಬಹುದಿತ್ತು.

ಕಟ್ಟಿದ ಹಣ ವಾಪಸು ಬರಲಿಲ್ಲವೆಂದು ಕೊರಗುವವರು ಬಹಳ. ನೀವು ಆರೋಗ್ಯವಾಗಿದ್ದ ವರ್ಷ ನಿಮ್ಮ ಹಣ ಇನ್ನೊಂದೂರಿನ ಯಾರದೋ ಆಪರೇಷನ್ನಿಗೆ ಹೋಗಿರುತ್ತದೆ. ನಿಮಗೆ ಬೇಕಾದಾಗ ಅವರದು ಬರುತ್ತದೆ. ಮುಯ್ಯಿಯ ಹಾಗೆ. ಒಬ್ಬ ಅಜ್ಜಿ ನನಗೆ, "ಕಾಯಿಲೆ ಹೆಸರಲ್ಲಿ ದುಡ್ಡು ಕಟ್ಟಿದರೆ ಕಾಯಿಲೆ ಕರೆದ ಹಾಗೆ ಕಣಪ್ಪಾ" ಎಂದಿದ್ದರು. ಬೆಳೆ ವಿಮೆ ಕಟ್ಟಿದ್ದಕ್ಕೆ ಬರ ಬಂತೇ ಅಜ್ಜಿ ಎಂದು ಕೇಳಿದೆ, ನಕ್ಕರು, ಒಪ್ಪಲಿಲ್ಲ.

ಯಶಸ್ವಿನಿ ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದದ್ದು. ಆಗ ಒಬ್ಬರಿಗೆ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ. 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ನಡೆಯಿತು. ಆಗ ಗ್ರಾಮಾಂತರದ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಬಿ.ಪಿ.ಎಲ್. ಕಾರ್ಡಿನವರಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ, ಅದಕ್ಕೆ ಕಂತೇ ಇಲ್ಲ. ಆದರೆ ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಇದು ತಿಳಿಯದೆ ನೇರ ಹೋಗಿ ಕೈಯಿಂದ ಕಟ್ಟಿ ಬಂದವರಿದ್ದಾರೆ.

ಕಾರ್ಡು ಇದ್ದರೆ ಒಂದು ಪೈಸೆಯೂ ಖರ್ಚಿಲ್ಲ ಎಂದು ನಾನು ಹೇಳಲಾರೆ. ಪಟ್ಟಿಯಲ್ಲಿರುವ ಚಿಕಿತ್ಸೆ, ಪಟ್ಟಿಯಲ್ಲಿರುವ ಆಸ್ಪತ್ರೆ, ಇಷ್ಟೇ ಅದರ ಮಿತಿ. ಬಸ್ ಚಾರ್ಜು, ಜೊತೆಗಿರುವವರ ಊಟ, ತಪ್ಪಿದ ಕೂಲಿ, ಇವು ನಿಮ್ಮವೇ. ಅದಕ್ಕೆಂದು ಹಾಲಿನ ಬಟವಾಡೆಯಲ್ಲಿ ಸ್ವಲ್ಪ ಬೇರೆ ತೆಗೆದಿಡಿ ತಾಯಂದಿರೇ, ಈ ಕೆಲಸ ಗಂಡಸರ ಕೈಲಿ ಆಗುವುದಿಲ್ಲ.

ನೋಂದಣಿಗೆ ಗಡುವು ಇರುತ್ತದೆ. ಈ ವರ್ಷದ ಕಂತೆಷ್ಟು, ಕೊನೆಯ ದಿನ ಯಾವುದು, ಹತ್ತಿರದ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಎಂಬುದನ್ನು ನಿಮ್ಮ ಸಂಘದ ಕಾರ್ಯದರ್ಶಿಯವರನ್ನು ಕೇಳಿ. ಮನೆಯವರೆಲ್ಲರ ಹೆಸರು ಸೇರಿದೆಯೇ ನೋಡಿ, ಮುದುಕರನ್ನು ಬಿಟ್ಟಿರುತ್ತಾರೆ. ಹಣ ಕಟ್ಟಿದ ರಸೀದಿಯನ್ನು ಪಹಣಿ ಕಾಗದದ ಜೊತೆಯಲ್ಲೇ ಇಡಿ.